ಆಶ್ರಯಧಾಮದ ಹೊಸ ಖಜಾಂಚಿಗೆ

ನೋಡಮ್ಮಾ, ಮನೆ ಬಿಟ್ಟು ರೈಲು ಹತ್ತಿ ಬಂದ, ಹೆತ್ತವರಿದ್ದೂ ಇಲ್ಲದಂತಾದ ಹದಿಹರೆಯದ ಹುಡುಗರ ಅನ್ನದ ಲೆಕ್ಕ ಇನ್ನು ನಿನ್ನ ಕೈಯಲ್ಲಿ. ಇಂಥದೇ ಒಂದು ಟ್ರಸ್ಟಿನ ಲೆಕ್ಕ ಬರೆಯುತ್ತಲೇ ತಲೆ ನರೆತವನು ನಾನು. ಕಲಿತದ್ದನ್ನು ಹೇಳುತ್ತೇನೆ, ಕೇಳಿಸಿಕೋ.

• ನೋಂದಣಿ ಪತ್ರದ ಅವಧಿ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ನೋಡು. 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನ ನೋಂದಣಿಯಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವುದೇ ಅಪರಾಧ. ಅನುದಾನದ ಮಾತು ಆಮೇಲೆ.

• ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯ ಅನುದಾನದಲ್ಲಿ ಕೇಂದ್ರದ್ದು ಶೇ. 60, ರಾಜ್ಯದ್ದು ಶೇ. 40 ಪಾಲು. ಸಂಸ್ಥೆಯಲ್ಲಿರುವ ಮಗುವಿನ ಪಾಲನೆಗೆ ತಿಂಗಳಿಗೆ 3,000 ರೂಪಾಯಿ. ಅಂದರೆ ದಿನಕ್ಕೆ ನೂರು. ಬೆಳೆಯುವ ಹುಡುಗನ ಊಟ, ಬಟ್ಟೆ, ಸೋಪು, ಎಣ್ಣೆ ಎಲ್ಲ ಅಷ್ಟರಲ್ಲಿ ಮುಗಿಯುವುದಿಲ್ಲ. ಆ ಕಂತೂ ಹೇಳಿದ ತಿಂಗಳಿಗೆ ಬರುವುದು ಅಪರೂಪ. ಹಣ ಬಳಕೆ ಪ್ರಮಾಣಪತ್ರ ಕೊಡಲು ನೀನೇ ತಡಮಾಡಿದರೆ ಮುಂದಿನ ಕಂತು ಇನ್ನೂ ಹಿಂದೆ ಬೀಳುತ್ತದೆ. ದಿನಸಿ ಅಂಗಡಿಯವನು ಎಷ್ಟು ದಿನ ಕಾಯುತ್ತಾನೆ? ಮೂರು ತಿಂಗಳ ಖರ್ಚಾದರೂ ಬ್ಯಾಂಕಿನಲ್ಲಿರಲಿ. ತೆರಿಗೆ ವಿನಾಯಿತಿ ಉಳಿಯಬೇಕಾದರೆ ವರ್ಷದ ಆದಾಯದ ಶೇ. 85 ಉದ್ದೇಶಕ್ಕೆ ಬಳಕೆಯಾಗಬೇಕು, ಉಳಿದ ಶೇ. 15ರಲ್ಲೇ ವರ್ಷವರ್ಷವೂ ಈ ಆಪದ್ಧನ ಕೂಡಿಸುತ್ತಾ ಬಾ.

• ಸಂಬಳದ ಬಾಬ್ತು ದೊಡ್ಡದಾಗಿ ಕಂಡರೆ ಹೆದರಬೇಡ. "ನಾವು ಕೊಟ್ಟಿದ್ದರಲ್ಲಿ ಮಕ್ಕಳಿಗೆಷ್ಟು, ಸಂಬಳಕ್ಕೆಷ್ಟು?" ಎಂದು ದಾನಿಗಳು ಕೇಳೇ ಕೇಳುತ್ತಾರೆ. ಆಗ ತಲೆ ತಗ್ಗಿಸಬೇಡ. ನಡುರಾತ್ರಿ ಕಿರುಚಿ ಎದ್ದ ಹುಡುಗನ ಪಕ್ಕ ಬೆಳಗಿನವರೆಗೆ ಕೂರುವವರು ಯಾರು? ಜ್ವರದವನನ್ನು ಕರೆದುಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ಯಾರು? ಅವನ ಊರಿಗೆ ಹೋಗಿ, ತಾಯಿಯನ್ನು ಹುಡುಕಿ ಮಾತಾಡಿಸಿ ಬರುವವರು ಯಾರು? ಅವರ ಸಂಬಳವೇ ಮಕ್ಕಳ ಖರ್ಚು ಎಂದು ನೇರವಾಗಿ ಹೇಳು. ಅಕ್ಕಿ ಮೂಟೆ ತರುವವರು ಬೇಕಾದಷ್ಟು ಜನ ಸಿಗುತ್ತಾರೆ, ಅಡುಗೆಯವಳ ಪಿಎಫ್ ಕಟ್ಟುತ್ತೇನೆ ಎನ್ನುವವರು ಸಿಗುವುದಿಲ್ಲ. ಸಂಬಳ ಕತ್ತರಿಸಿ ಲೆಕ್ಕ ಚೆಂದ ಮಾಡಿದ ಕಡೆ ಮೇಲ್ವಿಚಾರಕರು ನಿಲ್ಲುವುದಿಲ್ಲ. ಮನೆಯವರೇ ಕೈಬಿಟ್ಟ ಹುಡುಗನಿಗೆ, ನೆಚ್ಚಿಕೊಂಡ ಅಣ್ಣನೂ ಹೊರಟುಹೋದರೆ ಎಂಥ ಪೆಟ್ಟು ಬೀಳುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ.

• ದೀಪಾವಳಿಗೆ ಎಲ್ಲರೂ ಸಿಹಿ ತರುತ್ತಾರೆ. ಜೂನ್ ತಿಂಗಳ ಶಾಲೆಯ ಖರ್ಚಿಗೆ, ಕರೆಂಟ್ ಬಿಲ್ಲಿಗೆ ಬಾಯಿಬಿಟ್ಟು ಕೇಳು. ಹುಟ್ಟುಹಬ್ಬದ ಊಟ ಹಾಕಿಸಲು ಬಂದವರನ್ನು ಕೂರಿಸಿ ಮಾತಾಡಿಸು, ಆದರೆ ಮಕ್ಕಳ ಮುಖದ ಫೋಟೊ ಹಂಚಲು ಬಿಡಬೇಡ. ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅದನ್ನು ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ಬಿಡಬಾರದು.

• ಹತ್ತು ರೂಪಾಯಿಗೂ ರಸೀದಿ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ ಆದಾಯ ತೆರಿಗೆ ರಿಯಾಯಿತಿ ಇಲ್ಲ ಎಂದು ಮೊದಲೇ ತಿಳಿಸು.

• ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಹೊಣೆಗಾರಿಕೆಗೆ, ಅಂದರೆ ಸಿಎಸ್‌ಆರ್‌ಗೆ ಕೊಡಬೇಕು. ಸಿಎಸ್‌ಆರ್-1 ನಮೂನೆ ಸಲ್ಲಿಸಿ ಸಂಖ್ಯೆ ಪಡೆದಿದ್ದರೆ ಮಾತ್ರ ನಮಗೂ ಕೇಳುವ ದಾರಿ. ಅವರಿಗೆ ಕಟ್ಟಡ, ಕಂಪ್ಯೂಟರ್, ನಾಮಫಲಕ ಇಷ್ಟ. ತೆಗೆದುಕೋ, ಬೇಡವೆನ್ನಬೇಡ. ಆದರೆ ಆ ಹಣ ಮುಂದಿನ ವರ್ಷವೂ ಬರುತ್ತದೆಂದು ನಂಬಿ ಯಾರನ್ನೂ ಕೆಲಸಕ್ಕೆ ಸೇರಿಸಿಕೊಳ್ಳಬೇಡ.

• ಅಮೆರಿಕದ ಕನ್ನಡಿಗರು ಹಣ ಕಳಿಸುತ್ತೇವೆಂದರೆ, ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳು. ಭಾರತದ ಪೌರರಾಗಿಯೇ ಉಳಿದವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ಪಡೆದವರದ್ದು, ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದಕ್ಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ಅಂದರೆ ಎಫ್‌ಸಿಆರ್‌ಎ ನೋಂದಣಿ ಬೇಕು. ಹಣ ದೆಹಲಿಯ ಸಂಸದ್ ಮಾರ್ಗದ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿಯಂತೆ ಅದರಲ್ಲಿ ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ, ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ.

• ಹದಿನೆಂಟು ತುಂಬಿದ ಹುಡುಗನನ್ನು ಲೆಕ್ಕದಿಂದ ಅಳಿಸಬೇಡ. 21ರವರೆಗೆ ಅನುಪಾಲನೆಯ ನೆರವು ಇದೆ, ತಿಂಗಳಿಗೆ 4,000 ರೂಪಾಯಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವನ ಅರ್ಜಿಯನ್ನು ಹದಿನೇಳನೇ ವರ್ಷದಲ್ಲೇ ಸಿದ್ಧಮಾಡು. ಆದರೂ ಬೆಂಗಳೂರಿನಲ್ಲಿ ಒಂದು ಕೋಣೆಯ ಅಡ್ವಾನ್ಸಿಗೆ ಅದು ಸಾಲದು. ಅಡ್ವಾನ್ಸ್, ಒಂದು ಚಾಪೆ, ಸ್ಟವ್, ಮೊದಲ ಸಂಬಳ ಬರುವವರೆಗಿನ ಬಸ್ ಪಾಸು: ಇದಕ್ಕೊಂದು ಪ್ರತ್ಯೇಕ ಬಾಬ್ತನ್ನು ಈ ಬಜೆಟ್ಟಿನಲ್ಲೇ ಸೇರಿಸು.