ತಾತನ ಅಟ್ಲಾಸ್ ಮತ್ತೆ ರೋಡಿಗೆ: ಹಳೇ ಸೈಕಲ್ ರಿಪೇರಿಯ ಪಾಠ

ನಾವು ಮೂವರು. ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಾನಿಕ್ಸ್. ಒಬ್ಬನ ಊರು ಚಳ್ಳಕೆರೆ, ಇನ್ನೊಬ್ಬನದು ಮೊಳಕಾಲ್ಮುರು ತಾಲ್ಲೂಕಿನ ಒಂದು ಹಳ್ಳಿ. ಆ ಹಳ್ಳಿಯ ಮನೆ ಹಿತ್ತಿಲಲ್ಲಿ ಒಂದು ಅಟ್ಲಾಸ್ ಸೈಕಲ್ ವರ್ಷಗಟ್ಟಲೆ ಗೋಡೆಗೆ ಒರಗಿ ನಿಂತಿತ್ತು. ಗೆಳೆಯನ ತಾತ ರೇಷ್ಮೆ ಸೀರೆ ನೇಯುತ್ತಿದ್ದವರು. ನೂಲು ತರೋದು, ನೇಯ್ದ ಸೀರೆ ಕೊಟ್ಟು ಬರೋದು ಎಲ್ಲಾ ಅದರ ಕ್ಯಾರಿಯರ್ ಮೇಲೇ ನಡೆದಿತ್ತು. ಗುಜರಿಯವನು ಬಂದು ಕೆ.ಜಿ. ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದ. ಅದೇ ವರ್ಷ ಗೆಳೆಯನ ತಮ್ಮ ಪಿಯುಸಿ ಸೇರಿದ. ಬಸ್ಸಿನ ಟೈಮಿಗೂ ಕಾಲೇಜಿನ ಟೈಮಿಗೂ ಹೊಂದಾಣಿಕೆ ಇರಲಿಲ್ಲ. ಸೆಮಿಸ್ಟರ್ ರಜೆಯಲ್ಲಿ ಸೈಕಲ್ ರೆಡಿ ಮಾಡಿಕೊಡ್ತೀವಿ ಅಂತ ನಾವು ಮಾತು ಕೊಟ್ಟೆವು.

ನಮ್ಮ ತಲೆಯಲ್ಲಿ ಇದ್ದದ್ದು ಮಾತ್ರ ಬೇರೆ: ಮಡ್‌ಗಾರ್ಡ್ ತೆಗೆಯೋದು, ಕ್ಯಾರಿಯರ್ ಕಿತ್ತು ಹಾಕೋದು, ಕಪ್ಪು ಮ್ಯಾಟ್ ಪೇಂಟ್ ಹೊಡೆಯೋದು. ಮೊದಲ ದಿನವೇ ಪೇಂಟ್ ಡಬ್ಬಿ ತಂದಿದ್ದು ನೋಡಿ ತಾತ ಕೇಳಿದರು: "ಏನ್ರಪ್ಪಾ, ಬಣ್ಣ ಹೊಡುದ್ರೆ ಬ್ರೇಕು ಹಿಡೀತದಾ?" ಈ ಲೇಖನದ ಪಾಠ ಇಷ್ಟೇ. ಮೊದಲು ಸೈಕಲ್ ನಿಲ್ಲಬೇಕು, ಆಮೇಲೆ ಓಡಬೇಕು, ಕೊನೆಗೆ ಚೆನ್ನಾಗಿ ಕಾಣಬೇಕು.

1. ಉಳಿಸಬಹುದಾ? ಮೊದಲು ಪರೀಕ್ಷೆ

ಫ್ರೇಮ್ ಬಿರುಕು ಬಿಟ್ಟಿದ್ದರೆ ಉಳಿದ ಕೆಲಸವೆಲ್ಲ ವ್ಯರ್ಥ. ಹ್ಯಾಂಡಲ್ ಕೆಳಗಿನ ಕೊಳವೆ ಸೇರುವ ಜಾಗ, ಮುಂದಿನ ಫೋರ್ಕಿನ ಮೇಲ್ಭಾಗ, ಪೆಡಲ್ ಅಚ್ಚಿನ ಸುತ್ತ, ಈ ಮೂರು ಕಡೆ ತುಕ್ಕು ಕೆರೆದು ಬೆಳಕಿನಲ್ಲಿ ನೋಡಿ. ಫ್ರೇಮ್ ಸೊಟ್ಟಗಾಗಿದೆಯಾ ಅಂತ ತಿಳಿಯೋಕೆ ಒಂದು ದಾರ ಸಾಕು. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಬದಿಯಿಂದ ಹೊರಟು, ಹ್ಯಾಂಡಲ್ ಕೊಳವೆಯನ್ನು ಸುತ್ತಿ, ಇನ್ನೊಂದು ಬದಿಗೆ ದಾರ ಬಿಗಿಯಾಗಿ ಕಟ್ಟಬೇಕು. ಸೀಟಿನ ಕೊಳವೆಯಿಂದ ಎರಡೂ ಬದಿಯ ದಾರಕ್ಕೆ ಇರುವ ದೂರ ಒಂದೇ ಇರಬೇಕು. ನಮಗೆ ಮಗ್ಗದ ಪಕ್ಕ ಬಿದ್ದಿದ್ದ ಗಟ್ಟಿ ದಾರ ಸಿಕ್ಕಿತು. ವ್ಯತ್ಯಾಸ ಬಂದದ್ದು 2 ಮಿ.ಮೀ. ಮಾತ್ರ, ಅಷ್ಟು ಪರವಾಗಿಲ್ಲ.

ಬಿಡಿಭಾಗ ಸಿಗುತ್ತಾ ಅನ್ನೋದು ಎರಡನೇ ಪ್ರಶ್ನೆ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿತು. ಆದರೂ ನಮಗೆ ಬೇಕಾದ್ದೆಲ್ಲ ಚಳ್ಳಕೆರೆಯ ಸೈಕಲ್ ಅಂಗಡಿಯಲ್ಲಿ ಸಿಕ್ಕಿತು. ಕಾರಣ, ಈ ಕಪ್ಪು ಸೈಕಲ್‌ಗಳ ಅಳತೆಗಳು ಬಹುಮಟ್ಟಿಗೆ ಒಂದೇ: ಟೈರು 28 × 1½, ಚೈನಿನ ಒಂದು ಕೊಂಡಿ ಅರ್ಧ ಇಂಚು, ಮುಂದಿನ ಚಕ್ರಕ್ಕೆ 32 ಕಡ್ಡಿ, ಹಿಂದಿನದಕ್ಕೆ 40. ಹಿಂದಿನ ಚಕ್ರ ಭಾರವನ್ನೂ ಹೊರಬೇಕು, ತುಳಿತದ ಎಳೆತವನ್ನೂ ತಡೆಯಬೇಕು. ಅದಕ್ಕೇ ಅಲ್ಲಿ ಕಡ್ಡಿ ಜಾಸ್ತಿ. ಸ್ಟ್ಯಾಂಡರ್ಡ್ ಅಳತೆಯ ಬೆಲೆ ಏನು ಅಂತ ಮೆಷಿನ್ ಡಿಸೈನ್ ಕ್ಲಾಸಿಗಿಂತ ಆ ಅಂಗಡಿಯಲ್ಲೇ ನಮಗೆ ಚೆನ್ನಾಗಿ ಅರ್ಥವಾಯ್ತು.

2. ಬಿಚ್ಚುವಾಗ

ಬಿಚ್ಚುವ ಮೊದಲು ಪ್ರತಿ ಭಾಗದ ಫೋಟೋ ತೆಗೀರಿ. ಜಾಮ್ ಆದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿಡಿ.

ಎಡ ಪೆಡಲ್ ಹತ್ತಿರ ನಾವು ಅರ್ಧ ದಿನ ಕಳೆದೆವು. ಪಾನಕ್ಕೆ ಪೈಪ್ ಸಿಕ್ಕಿಸಿ ಎಳೆದರೂ ಅಲ್ಲಾಡಲಿಲ್ಲ. ಯಾಕಂದ್ರೆ ಎಡ ಪೆಡಲಿನ ತಿರುಪು ಉಲ್ಟಾ. ಅದನ್ನು ಬಿಚ್ಚೋಕೆ ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಹೀಗೇಕೆ? ಪೆನ್ಸಿಲ್ ಒಂದನ್ನು ಸಡಿಲವಾಗಿ ಮುಷ್ಟಿಯಲ್ಲಿ ಹಿಡಿದು, ಅದರ ತುದಿಯನ್ನು ವೃತ್ತಾಕಾರದಲ್ಲಿ ಆಡಿಸಿ ನೋಡಿ. ತುದಿ ಒಂದು ಕಡೆ ಸುತ್ತಿದರೆ ಪೆನ್ಸಿಲ್ ತನ್ನಷ್ಟಕ್ಕೆ ಎದುರು ಕಡೆಗೆ ಉರುಳುತ್ತದೆ. ಪೆಡಲ್ ಅಚ್ಚು ಕೂಡ ತೂತಿನೊಳಗೆ ಕೂದಲೆಳೆಯಷ್ಟು ಸಡಿಲ ಇರುತ್ತದೆ. ತುಳಿಯುವ ಭಾರದ ದಿಕ್ಕು ಸುತ್ತುತ್ತಾ ಹೋದಂತೆ ಅದೂ ಹೀಗೇ ಉರುಳುತ್ತದೆ. ಎರಡೂ ಕಡೆ ಒಂದೇ ತರ ತಿರುಪು ಹಾಕಿದ್ದರೆ ಎಡಗಡೆಯದು ದಾರಿಯಲ್ಲೇ ಬಿಚ್ಚಿಕೊಳ್ಳುತ್ತಿತ್ತು.

ಇನ್ನು ಕಾಟರ್ ಪಿನ್. ಪೆಡಲ್ ಕೈಯನ್ನು ಅಚ್ಚಿಗೆ ಬಿಗಿಯುವ ಬೆಣೆ ಇದು. ನಟ್ಟು ಸಡಿಲಿಸಿ ಸುತ್ತಿಗೆಯಿಂದ ಹೊಡೆದು ತೆಗೆಯಬೇಕು. ಆದರೆ ಹೊಡೆಯುವಾಗ ಪೆಡಲ್ ಕೈ ಕೆಳಗೆ ದಪ್ಪ ಪೈಪನ್ನು ನೆಲಕ್ಕೆ ಊರಿ ಆಧಾರ ಕೊಡಬೇಕು. ಇಲ್ಲದಿದ್ದರೆ ಏಟು ಬೇರಿಂಗಿಗೆ ಹೋಗುತ್ತದೆ. ನಾವು ಆಧಾರ ಕೊಡದೆ ಹೊಡೆದು ಪಿನ್ನಿನ ತಿರುಪು ಕೆಡಿಸಿದೆವು. ಅಷ್ಟಕ್ಕೇ ನಿಲ್ಲಲಿಲ್ಲ, "ನಡೆಯುತ್ತೆ ಬಿಡು" ಅಂತ ಅದೇ ಪಿನ್ನನ್ನು ವಾಪಸ್ ಹಾಕಿದೆವು. ಅದರ ಫಲ ಮುಂದೆ ಬರುತ್ತೆ.

3. ತುಕ್ಕು, ಗ್ರೀಸ್, ಎಣ್ಣೆ

ಸಣ್ಣ ಬೋಲ್ಟು, ನಟ್ಟುಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ತುಕ್ಕು ಸಡಿಲವಾಗುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲದ ಕೆಲಸ ಅದು. ಬೆಳಿಗ್ಗೆ ಸೋಡಾಪುಡಿ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಸವರಿ. ತಡವಾದರೆ ಹೊಸ ತುಕ್ಕು ಬರುತ್ತದೆ.

ಬಾಲ್ಸ್ ಎಣಿಸಿಕೊಂಡೇ ತೆಗೀರಿ. ಈ ಸೈಕಲ್‌ನಲ್ಲಿ ಹಿಂದಿನ ಹಬ್ಬಿಗೆ ಕಾಲಿಂಚು, ಮುಂದಿನದಕ್ಕೆ 3/16 ಇಂಚು. ಒಂದು ಬಾಲ್ ಸವೆದಿದ್ದರೂ ಆ ಬದಿಯ ಪೂರ್ತಿ ಸೆಟ್ ಬದಲಿಸಿ. ಹೊಸದು ಹಳೆಯದು ಬೆರೆಸಿದರೆ ಭಾರವೆಲ್ಲ ದಪ್ಪಗಿರುವ ಹೊಸದರ ಮೇಲೇ ಬೀಳುತ್ತದೆ. ಕೋನ್ ಬಿಗಿಯುವಾಗ ಚಕ್ರ ಸಲೀಸಾಗಿ ತಿರುಗಬೇಕು, ಪಕ್ಕಕ್ಕೆ ಅಲುಗಬಾರದು.

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಹಾಗಂತ ಚೈನಿಗೆ ಶೇಂಗಾ ಎಣ್ಣೆ ಬಿಡಬೇಡಿ. ಅಡುಗೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಬರಬರುತ್ತಾ ಅಂಟಾಗುತ್ತದೆ. ನಮ್ಮ ಕಡೆಯ ಧೂಳು ಆ ಅಂಟಿಗೆ ಸೇರಿದರೆ ಚೈನು ಉಪ್ಪುಕಾಗದ ಉಜ್ಜಿದಂತೆ ಸವೆಯುತ್ತದೆ. ಮೆಷಿನ್ ಎಣ್ಣೆ ಪ್ರತಿ ಕೊಂಡಿಗೆ ಒಂದು ಹನಿ ಬಿಟ್ಟು, ಮೇಲಿನದ್ದನ್ನು ಬಟ್ಟೆಯಿಂದ ಒರೆಸಿದರೆ ಸಾಕು.

ಚೈನು ಸವೆದಿದೆಯಾ ಅಂತ ಸ್ಕೇಲಿನಲ್ಲೇ ಅಳೆಯಬಹುದು. 24 ಕೊಂಡಿ ಅಂದರೆ 304.8 ಮಿ.ಮೀ. ಇರಬೇಕು. 308 ದಾಟಿದರೆ, ಅಂದರೆ ಶೇ. 1ಕ್ಕಿಂತ ಹೆಚ್ಚು ಉದ್ದವಾಗಿದ್ದರೆ, ಬದಲಿಸಿ. ನಮ್ಮದು 311 ಬಂತು.

4. ಯಾರಿಗೆ, ಯಾವ ರೋಡಿಗೆ?

ಚಿತ್ರದುರ್ಗ ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಎದುರುಗಾಳಿಗೆ ಸೈಕಲ್ ತುಳಿಯೋದು ಏರು ಹತ್ತಿದಂತೆಯೇ. ಹುಡುಗನಿಗೆ ಬೇಕಾದ್ದು ಹಗುರ ತುಳಿತ, ಮ್ಯಾಟ್ ಪೇಂಟ್ ಅಲ್ಲ. ಲೆಕ್ಕ ಹೀಗಿದೆ:

ಮುಂದಿನ ಹಲ್ಲು 44, ಹಿಂದಿನ ಫ್ರೀವೀಲ್ 18. ಅನುಪಾತ 2.44. ಚಕ್ರದ ಸುತ್ತಳತೆ ಸುಮಾರು 2.23 ಮೀಟರ್. ಅಂದರೆ ಪೆಡಲ್ ಒಂದು ಸುತ್ತಿಗೆ 5.45 ಮೀಟರ್.

ಫ್ರೀವೀಲ್ 22 ಹಾಕಿದರೆ ಅನುಪಾತ 2. ಒಂದು ಸುತ್ತಿಗೆ 4.46 ಮೀಟರ್.

ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 19.6 ಕಿ.ಮೀ.ನಿಂದ 16ಕ್ಕೆ ಇಳಿಯುತ್ತದೆ. ಬದಲಿಗೆ ಅದೇ ತುಳಿತಕ್ಕೆ ಹಿಂದಿನ ಚಕ್ರಕ್ಕೆ ಸಿಗುವ ಟಾರ್ಕ್ ಶೇ. 22ರಷ್ಟು ಹೆಚ್ಚು. ನಾವು 22 ಕೇಳಿ ತರಿಸಿದೆವು. ಹಲ್ಲು 4 ಹೆಚ್ಚಾದರೆ ಚೈನು ಸುತ್ತುವುದು ಅದರ ಅರ್ಧ ಮಾತ್ರ, ಹಾಗಾಗಿ ಚೈನಿಗೆ 2 ಕೊಂಡಿ ಸೇರಿಸಿಕೊಂಡೆವು.

ಮುಳ್ಳಿನ ಕಾಟಕ್ಕೆ, ಅದರಲ್ಲೂ ಬಳ್ಳಾರಿ ಜಾಲಿ ಮುಳ್ಳಿಗೆ, ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿಗೂ ಹೊಸ ಟ್ಯೂಬಿಗೂ ನಡುವೆ ಹಾಸಿದೆವು. ಸೀಟಿನ ಎತ್ತರಕ್ಕೆ ಸುಲಭ ಅಳತೆ: ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಹಿಂದೆ ರಿಫ್ಲೆಕ್ಟರ್, ಮುಂದೆ ಎಲ್‌ಇಡಿ ದೀಪ. ಕ್ಯಾರಿಯರ್, ಮಡ್‌ಗಾರ್ಡ್ ಎರಡನ್ನೂ ಉಳಿಸಿಕೊಂಡೆವು. ಪುಸ್ತಕದ ಬ್ಯಾಗು ಕೂರಬೇಕಲ್ಲ! ಫ್ರೇಮ್ ಎಲ್ಲೂ ಕೊಯ್ಯಲಿಲ್ಲ. ಹಳೇ ಫ್ರೀವೀಲ್ ಎಣ್ಣೆ ಸವರಿ ಕಟ್ಟಿಟ್ಟಿದ್ದೇವೆ.

5. ಬ್ರೇಕು, ಮತ್ತು ನಾವು ಬಿದ್ದದ್ದು

ಈ ಸೈಕಲ್‌ನಲ್ಲಿ ತಂತಿ ಇಲ್ಲ, ಸರಳಿನ ಬ್ರೇಕು. ರಬ್ಬರು ರಿಮ್ಮಿನ ಒಳಮೈಗೆ ಒತ್ತುತ್ತದೆ. ಗಟ್ಟಿಯಾದ ಹಳೇ ರಬ್ಬರು ಎಸೆದು ಹೊಸದು ಹಾಕಿ, ರಿಮ್ಮಿಗೆ 2-3 ಮಿ.ಮೀ. ಅಂತರ ಬಿಡಿ. ರಿಮ್ಮಿನ ಮೇಲೆ ಎಣ್ಣೆ ಜಿಡ್ಡು ಇರಬಾರದು. ಆಮೇಲೆ ಪಕ್ಕದಲ್ಲಿ ನಿಂತು ಒಂದೊಂದೇ ಬ್ರೇಕು ಹಿಡಿದು ಜೋರಾಗಿ ಮುಂದಕ್ಕೆ ತಳ್ಳಿ. ಹಿಡಿದ ಚಕ್ರ ತಿರುಗಿದರೆ ಸೈಕಲ್ ಹತ್ತಬೇಡಿ. ಸ್ಟೀಲ್ ರಿಮ್ ಒದ್ದೆಯಾದರೆ ಬ್ರೇಕು ಇನ್ನೂ ಕಮ್ಮಿ ಹಿಡಿಯುತ್ತದೆ, ಅದೂ ನೆನಪಿರಲಿ.

ಪರೀಕ್ಷೆಗೆ ಅಂತ ಅಶೋಕನ ಶಾಸನ ಇರುವ ಬ್ರಹ್ಮಗಿರಿ ಕಡೆ ಹೊರಟೆವು. ಎರಡು ಕಿ.ಮೀ. ಆದಮೇಲೆ ಪ್ರತಿ ಸುತ್ತಿಗೂ "ಟಕ್" ಅನ್ನೋ ಸದ್ದು. ಇಳಿಜಾರಿನಲ್ಲಿ ಎಡ ಪೆಡಲ್ ಕೈ ಜಾರಿ ತಿರುಗಿತು, ನಮ್ಮಲ್ಲೊಬ್ಬ ಮೊಣಕೈ ತರಚಿಕೊಂಡ. ಅದೇ ಕೆಟ್ಟ ಕಾಟರ್ ಪಿನ್! ಬ್ರೇಕು ಸರಿಯಾಗಿ ಹಿಡಿದಿದ್ದಕ್ಕೆ ಅಷ್ಟರಲ್ಲೇ ಮುಗಿಯಿತು. ಆ ಜಾಗದಲ್ಲಿ ತಮ್ಮ ಒಬ್ಬನೇ, ಬೆನ್ನಿಗೆ ಬ್ಯಾಗು ಹಾಕಿಕೊಂಡು ಇದ್ದಿದ್ದರೆ? ಮನೆಗೆ ಸೈಕಲ್ ತಳ್ಳಿಕೊಂಡು ಬರುವಾಗ ಮೂವರೂ ಮಾತಾಡಲಿಲ್ಲ. ತಾತ ನೋಡಿ ಬೈಯಲಿಲ್ಲ. "ಪಿನ್ನಿಗೆ ಎಷ್ಟಪ್ಪಾ ಆಗ್ತದೆ?" ಅಂತ ಕೇಳಿದರು, ಅಷ್ಟೇ.

ಮರುದಿನ ಎರಡೂ ಕಡೆ ಹೊಸ ಪಿನ್ ಹಾಕಿದೆವು. ಹೊಸ ಬೆಣೆ ಭಾರ ಬಿದ್ದಮೇಲೆ ಸ್ವಲ್ಪ ಒಳಗೆ ಕೂರುತ್ತದೆ. ಆದ್ದರಿಂದ ಮೊದಲ ಸವಾರಿ ಮುಗಿದ ಕೂಡಲೇ ಒಮ್ಮೆ, ವಾರದ ನಂತರ ಇನ್ನೊಮ್ಮೆ ನಟ್ಟು ಬಿಗಿಯಬೇಕು.

6. ಬಣ್ಣ, ಕೊನೆಗೆ

ಹಳೇ ಪೇಂಟಿನಲ್ಲಿ ಸೀಸ ಇರಬಹುದು. ಒಣ ಉಜ್ಜಬೇಡಿ. ಮಾಸ್ಕ್ ಹಾಕಿ, ನೀರು ಹಾಕಿಕೊಂಡು ಉಜ್ಜಿ. ಪೂರ್ತಿ ಒಣಗಿದ ಮೇಲೆ ರೆಡ್ ಆಕ್ಸೈಡ್ ಒಂದು ಕೋಟು, ಮೇಲೆ ತೆಳುವಾಗಿ ಎರಡು ಕೋಟು ಪೇಂಟು. ಹ್ಯಾಂಡಲ್ ಕೆಳಗಿನ ಅಟ್ಲಾಸ್ ಬಿಲ್ಲೆಯನ್ನು ಹಾಗೇ ಬಿಟ್ಟೆವು. ಕ್ಯಾರಿಯರ್ ಮೇಲೆ ಸೀರೆ ಗಂಟಿನ ಹಗ್ಗ ಉಜ್ಜಿ ಸವೆದ ಗುರುತಿತ್ತು. ಅದಕ್ಕೂ ಪೇಂಟ್ ಬೇಡ ಅಂದ ತಮ್ಮ, ಬರೀ ಎಣ್ಣೆ ಒರೆಸಿದೆವು.

ನಮ್ಮ ರಾಜ್ಯದಲ್ಲಿ 2006-07ರಲ್ಲಿ ಶಾಲಾ ಮಕ್ಕಳಿಗೆ ಉಚಿತ ಸೈಕಲ್ ಯೋಜನೆ ಶುರುವಾಯ್ತು. ಎಂಟನೇ ಕ್ಲಾಸಿನಲ್ಲಿ ಆ ಸೈಕಲ್ ತುಳಿದವರು ನಮ್ಮ ಕ್ಯಾಂಪಸ್‌ನಲ್ಲೂ ಇದ್ದೀರಿ. ಅದು ಈಗ ಎಲ್ಲಿದೆ ಅಂತ ಮನೆಗೆ ಫೋನ್ ಮಾಡಿ ಕೇಳಿ. ಗಾತ್ರ, ಬ್ರೇಕು ಬೇರೆ ಇರಬಹುದು, ಕೆಲಸದ ಕ್ರಮ ಇದೇ. ಮುಂದಿನ ರಜೆಗೆ ಒಂದು ಪಾನ, ಒಂದು ಸ್ಕೇಲು, ಒಂದಿಷ್ಟು ಗಟ್ಟಿ ದಾರ ಹೊಂದಿಸಿಟ್ಟುಕೊಳ್ಳಿ. ಪೇಂಟ್ ಡಬ್ಬಿಯನ್ನು ಮಾತ್ರ ಕೊನೇ ದಿನ ತನ್ನಿ.