ಅಟ್ಟದ ತೊಲೆ ಎಷ್ಟು ಹೊರೆ ತಾಳೀತು?

ಅಡಿಕೆ ಮೂಟೆಗಳನ್ನು ಅಟ್ಟಕ್ಕೆ ಏರಿಸುವ ಮುನ್ನ ಸದಸ್ಯರು ಈ ಲೆಕ್ಕ ಮಾಡಿ ನೋಡುವುದು ಒಳ್ಳೆಯದು.

ಗೋಡೆಗಳ ಅಂತರ 4 ಮೀಟರ್. ಗಟ್ಟಿಮರದ ತೊಲೆಯ ಅಗಲ 10 ಸೆಂ.ಮೀ., ಎತ್ತರ 20 ಸೆಂ.ಮೀ. ಸ್ವಂತ ತೂಕವೂ ಸೇರಿ 800 ಕಿಲೋ ಭಾರ ಸಮನಾಗಿ ಹರಡಿದೆ ಎನ್ನೋಣ. ಪ್ರತಿ ಗೋಡೆಗೆ 400 ಕಿಲೋ ಬೀಳುತ್ತದೆ. ಇಂಜಿನಿಯರರು ಬೆಂಡಿಂಗ್ ಮೊಮೆಂಟ್ ಎನ್ನುವುದು ನಡುಮಧ್ಯದಲ್ಲಿ ಅತಿ ಹೆಚ್ಚು: 800 × 4 ÷ 8 = 400 ಕಿಲೋಗ್ರಾಂ-ಮೀಟರ್. ತೊಲೆ ಸುಮಾರು 1 ಸೆಂ.ಮೀ. ಬಾಗುತ್ತದೆ. ಉದ್ದದ 240ನೇ ಒಂದು ಪಾಲು, ಅಂದರೆ 1.7 ಸೆಂ.ಮೀ. ಮೀರಬಾರದೆಂಬುದು ವಾಡಿಕೆಯ ಮಿತಿ.

ಅದೇ ತೊಲೆಯನ್ನು ಮಲಗಿಸಿ ಇಟ್ಟರೆ ಮರದ ಮೇಲಿನ ಒತ್ತಡ ಇಮ್ಮಡಿ, ಬಾಗು 4 ಸೆಂ.ಮೀ.! ಭಾರವೆಲ್ಲ ನಡುವೆಯೇ ಕೂತರೆ ಮೊಮೆಂಟ್ ಇಮ್ಮಡಿಯಾಗುತ್ತದೆ. ಆದ್ದರಿಂದ ತೊಲೆಯನ್ನು ಎತ್ತರವಾಗಿ ನಿಲ್ಲಿಸಿ; ಮೂಟೆಗಳನ್ನು ಗೋಡೆಯ ಬದಿಗೆ ಜೋಡಿಸಿ. ಗೆದ್ದಲು ತಿಂದ ತೊಲೆಗೆ ಈ ಲೆಕ್ಕ ಸಲ್ಲದು. ಕೆಳಗೆ ಮಲಗುವವರ ಜೀವದ ದೃಷ್ಟಿಯಿಂದ ಅದನ್ನು ಮೊದಲು ಬದಲಾಯಿಸತಕ್ಕದ್ದು.