ಮುರಿದ ಕಿಟಕಿ ಬಾಗಿಲುಗಳನ್ನು ಹಲಗೆಯಿಂದ ಮುಚ್ಚುವ ವಿಷಯ

2021ನೇ ಇಸವಿ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತವು ನಮ್ಮ ಕರಾವಳಿಯ ಬದಿಯಿಂದ ಹಾದುಹೋದಾಗ ಅನೇಕ ಮನೆಗಳು ಹಾನಿ ಹೊಂದಿದವು. ಇಂಥ ಕಾಲದಲ್ಲಿ ಮುರಿದ ಕಿಟಕಿಯನ್ನು ನಾವು ಅಲ್ಪವೆಂದೆಣಿಸಬಾರದು. ಯಾಕಂದರೆ ಗಾಳಿಯು ಅದರೊಳಗಿಂದ ನುಗ್ಗಿ ಮಾಡನ್ನು ಕೆಳಗಿನಿಂದ ಎತ್ತುತ್ತದೆ; ಹೊರಗೆ ಹಾಯುವ ಗಾಳಿಯೋ ಅದನ್ನು ಮೇಲಕ್ಕೆ ಸೆಳೆಯುತ್ತದೆ. ಈ ಎರಡೂ ಕೂಡಿದರೆ ಹಂಚುಗಳು ನಿಲ್ಲುವದು ಕಷ್ಟ.

ಆದಕಾರಣ ಗಾಳಿ ತಗ್ಗಿದ ಕೂಡಲೇ ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು ಗಾಜಿನ ಚೂರುಗಳನ್ನು ತೆಗೆಯಬೇಕು. ಅನಂತರ ಅರ್ಧ ಅಂಗುಲಕ್ಕೆ ಕಡಿಮೆಯಿಲ್ಲದ ಪ್ಲೈವುಡ್ ಹಲಗೆಯನ್ನು ಹೊರಗಡೆಯಿಂದ ಚೌಕಟ್ಟಿನ ಮೇಲೆ ಕೂರುವಂತೆ ಇಟ್ಟು, ತಿರುಪುಮೊಳೆಗಳಿಂದ ಮರಕ್ಕೇ ಬಿಗಿಯತಕ್ಕದ್ದು. ಗಾರೆಗೆ ಹೊಡೆದ ಮೊಳೆ ಹಿಡಿಯದು. ಚೌಕಟ್ಟನ್ನು ಗೆದ್ದಲು ತಿಂದಿದ್ದರೆ (ನಮ್ಮ ಹಳ್ಳಿಗಳಲ್ಲಿ ಇದು ಅಪರೂಪವಲ್ಲ) ಕಿಟಕಿಗಿಂತ ಉದ್ದವಾದ ಅಡ್ಡಪಟ್ಟಿಯನ್ನು ಒಳಗಡೆ ಇಟ್ಟು, ಹಲಗೆಗೆ ತೂತು ಕೊರೆದು, ಎರಡನ್ನೂ ತಂತಿಯಿಂದ ಸೇರಿಸಿ ಬಿಗಿಯುವದು ಉತ್ತಮ. ಟಾರ್ಪಾಲು ಮಾತ್ರ ಕಟ್ಟಿ ಸುಮ್ಮನಾಗುವವರುಂಟು. ಅದು ಮಳೆಯನ್ನು ತಡೆದೀತೇ ಹೊರತು ಬಿರುಗಾಳಿಯನ್ನಲ್ಲ. ಒಂಟಿಯಾಗಿರುವ ವಿಧವೆಯ ಮನೆಯಲ್ಲಿ ಹಲಗೆ ಹಿಡಿಯುವವರಿಲ್ಲ. ಆ ಮನೆಯ ಕೆಲಸವನ್ನು ನಮ್ಮದಕ್ಕಿಂತ ಮುಂಚೆ ಮಾಡೋಣ.

ಒಂದು ಬಾಗಿಲನ್ನಾದರೂ ಒಳಗಿನವರು ತೆರೆಯುವಂತೆ ಬಿಡಬೇಕು. ಇಲ್ಲವಾದರೆ ರಾತ್ರಿ ಒಲೆಯ ಕಿಡಿ ಹತ್ತಿದಾಗ ಮುದುಕರೂ ಮಕ್ಕಳೂ ಹೊರಗೆ ಬರುವದು ಹೇಗೆ? ಅಡಿಗೆಮನೆಯ ಹೊಗೆಗಂಡಿಯನ್ನಂತೂ ಮುಚ್ಚಲೇಬಾರದು.